ಮುಂದುವರಿಯಲು ಎಫ್1 ಒತ್ತಿ

ಸಂಜೆ ಮೈನ್ ಸ್ವಿಚ್ ಇಳಿಸದೆ ಮನೆಗೆ ಹೋಗುವ ಅಟೆಂಡರ್ ಮಲೆನಾಡಿನ ಶಾಲೆಗಳಲ್ಲಿ ಇನ್ನೂ ಹುಟ್ಟಿಲ್ಲ. ನಮ್ಮದು ಸಿಡಿಲಿನ ಸೀಮೆ. ಒಂದೇ ಏಟಿಗೆ ಟಿವಿ, ಫೋನು, ಪಂಪ್‌ಸೆಟ್ಟಿನ ಸ್ಟಾರ್ಟರ್ ಮೂರನ್ನೂ ಕಳೆದುಕೊಂಡ ಮನೆಗಳು ಕೇರಿಗೊಂದಾದರೂ ಸಿಗುತ್ತವೆ. ಹಾಗಾಗಿ ನಮ್ಮ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯ ಸ್ವಿಚ್ಚೂ ದಿನಾ ಸಂಜೆ ಠಕ್ಕೆಂದು ಕೆಳಗೆ ಬೀಳುತ್ತದೆ. ಆಕಾಶ ಶುಭ್ರವಾಗಿದ್ದರೂ ಸರಿ, ಮಾಘ ಮಾಸವಾದರೂ ಸರಿ. “ಸಿಡಿಲು ಕ್ಯಾಲೆಂಡರ್ ನೋಡ್ಕೊಂಡು ಬರ್ತದಾ ಮೇಷ್ಟ್ರೇ?” ಎಂದು ನಮ್ಮ ಅಟೆಂಡರ್ ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಸಿಡಿಲಿಗೆ ಕ್ಯಾಲೆಂಡರ್ ಬೇಡದಿರಬಹುದು, ಕಂಪ್ಯೂಟರಿಗೆ ಬೇಕು. ಸ್ವಿಚ್ ಇಳಿಸಿದ ಮರುದಿನ ಬೆಳಿಗ್ಗೆ ನಮ್ಮ ಇಪ್ಪತ್ತು ಕಂಪ್ಯೂಟರ್‌ಗಳೂ 2012ರ ಜನವರಿ ಒಂದನೇ ತಾರೀಕಿಗೆ ಕಣ್ಣು ಬಿಡುತ್ತಿದ್ದವು. ಕಾರಣ ಸಣ್ಣದು. ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟು ಅಗಲದ ಒಂದು ಬ್ಯಾಟರಿ ಇರುತ್ತದೆ. ಸಿಆರ್2032 ಅದರ ಹೆಸರು, 3 ವೋಲ್ಟ್. ಕರೆಂಟ್ ಇಲ್ಲದಾಗಲೂ ಒಳಗಿನ ಗಡಿಯಾರ ನಡೆಯುತ್ತಿರುವಂತೆ ನೋಡಿಕೊಳ್ಳುವುದು ಅದರ ಕೆಲಸ. ಅದು ಸತ್ತಿದ್ದರೂ, ಪ್ಲಗ್ಗಿನಲ್ಲಿ ಕರೆಂಟ್ ಇರುವ ತನಕ ಗಡಿಯಾರ ಹೇಗೋ ಓಡುತ್ತದೆ. ಹಾಗಾಗಿ ಪೇಟೆಯ ಆಫೀಸುಗಳಲ್ಲಿ ಬ್ಯಾಟರಿ ಸತ್ತದ್ದು ಎಷ್ಟೋ ಕಾಲ ಯಾರಿಗೂ ತಿಳಿಯುವುದಿಲ್ಲ. ಗೋಡೆಯ ಸ್ವಿಚ್ಚನ್ನೇ ಇಳಿಸುವ ನಮ್ಮಂಥವರಲ್ಲಿ ಅದು ಒಂದೇ ರಾತ್ರಿಯಲ್ಲಿ ಬಯಲಾಗುತ್ತದೆ.

ಆ ಮಿಷನ್‌ಗಳು ಬೆಂಗಳೂರಿನ ಒಂದು ಕಂಪನಿ ಬಳಸಿ ಬಿಟ್ಟವು. ದಾನ ಬಂದ ಹಸುವಿನ ಹಲ್ಲು ಎಣಿಸಬಾರದೆಂದು ನಾವೂ ಎಣಿಸಲಿಲ್ಲ. ದಾನದ ಜೊತೆ ಎರಡು ಷರತ್ತು ಬಂದಿದ್ದವು. ಒಂದು, ನಿರ್ವಹಣೆಯ ಕರಾರು ಮುಗಿಯುವ ತನಕ ಡಬ್ಬಿಯ ಸೀಲ್ ಒಡೆಯುವಂತಿಲ್ಲ. ಎರಡು, ಸಿ ಡ್ರೈವಿಗೆ ಅವರು ಹಾಕಿಕೊಟ್ಟ ಒಂದು ಕಾವಲು ತಂತ್ರಾಂಶ. ನೀವು ಏನೇ ಬದಲಾಯಿಸಿ, ಕಂಪ್ಯೂಟರ್ ಮತ್ತೆ ಶುರುವಾದಾಗ ಎಲ್ಲವೂ ಮೊದಲಿದ್ದಂತೆ. ಇದರಿಂದ ಉಪಕಾರವೂ ಇತ್ತೆನ್ನಬೇಕು. ಮಕ್ಕಳು ಸೈಬರ್ ಸೆಂಟರಿನಿಂದ ಪೆನ್‌ಡ್ರೈವಿನಲ್ಲಿ ಹೊತ್ತು ತಂದ ವೈರಸ್ ರಾತ್ರಿ ಕಳೆಯುವುದರೊಳಗೆ ಮಾಯ. ಆದರೆ ನಾವು ಮಾಡಿದ ಒಳ್ಳೆಯ ಬದಲಾವಣೆಯೂ ಅದರ ಜೊತೆಗೇ ಮಾಯ. ಕಾವಲಿನ ಪಾಸ್‌ವರ್ಡ್ ಗೊತ್ತಿದ್ದವರು ಆ ಕೆಲಸ ಬಿಟ್ಟು ಬೇರೆಲ್ಲೋ ಸೇರಿದ್ದರು. ಡಿ ಡ್ರೈವಿಗೆ ಮಾತ್ರ ಕಾವಲಿರಲಿಲ್ಲ. ಮಕ್ಕಳ ಕೆಲಸವೆಲ್ಲ ಅಲ್ಲಿ.

ಹೀಗಾಗಿ ನನ್ನ ಮೊದಲ ಪೀರಿಯಡ್ಡಿನ ಅರ್ಧ ಭಾಗ ಒಂದೇ ಬಗೆಯ ಸೇವೆಯಲ್ಲಿ ಸಲ್ಲುತ್ತಿತ್ತು. ಮೊದಲು ಕಪ್ಪು ಪರದೆ: ಸಿಮಾಸ್ ಚೆಕ್‌ಸಮ್ ಎರರ್, ಮುಂದುವರಿಯಲು ಎಫ್1 ಒತ್ತಿ. ಒತ್ತಬೇಕು. ವಿಂಡೋಸ್ ಬಂದ ಮೇಲೆ ತಾರೀಕು, ಗಂಟೆ ತಿದ್ದಬೇಕು. ತಾರೀಕು ಬರೆಯುವ ಕ್ರಮ ಅಮೆರಿಕದ್ದಿರುತ್ತಿತ್ತು, ಅದನ್ನು ನಮ್ಮದಕ್ಕೆ ತರಬೇಕು. ಕಂಪನಿಯ ಗಿರಾಕಿಗಳು ಆ ದೇಶದವರಿರಬೇಕು, ಟೈಮ್ ಝೋನ್ ಕೂಡ ಪೆಸಿಫಿಕ್ ತೀರದ್ದೇ. ಹತ್ತು ನಿಮಿಷ ಮುಟ್ಟದಿದ್ದರೆ ನಿದ್ದೆಗೆ ಜಾರುವ ಸ್ಲೀಪ್ ಸೆಟ್ಟಿಂಗ್ ತೆಗೆಯಬೇಕು. ಇಲ್ಲದಿದ್ದರೆ ನಾನು ಪಾಠ ಹೇಳುವಾಗ ಮಕ್ಕಳ ಬದಲು ಕಂಪ್ಯೂಟರ್‌ಗಳು ಮಲಗುತ್ತವೆ. ಇಷ್ಟನ್ನು ಇಪ್ಪತ್ತು ಸಲ. ಕೈಯಲ್ಲಿ ಮಾಡುವ ಕೆಲಸದ ಗುಣವೆಂದರೆ ಮೊದಲ ನಾಲ್ಕು ಮಿಷನ್ ಚೊಕ್ಕ, ನಡುವಿನವು ಪರವಾಗಿಲ್ಲ, ಮೂಲೆಯದ್ದಕ್ಕೆ ಯಾವುದೋ ಒಂದು ಬಾಕಿ. ಆ ಮೂಲೆಯಲ್ಲಿ ಕೂತ ಮಗುವಿಗೆ ಪಾಠದ ನಡುವೆ ಪರದೆ ಕಪ್ಪಾಗುತ್ತದೆ.

“ತಾರೀಕು ತಪ್ಪಿದ್ದರೆ ಏನೀಗ, ಪಾಠ ನಡೀಬಾರ್ದಾ?” ಎಂದು ನಮ್ಮ ಹೆಡ್‌ಮಾಸ್ಟರು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಆದರೆ ಈಗಿನ ವೆಬ್‌ಸೈಟುಗಳಿಗೆಲ್ಲ ಒಂದು ಪ್ರಮಾಣಪತ್ರವಿರುತ್ತದೆ, ಅದು ಎಂದಿನಿಂದ ಎಂದಿನವರೆಗೆ ಚಾಲ್ತಿ ಎಂದು ಅದರಲ್ಲೇ ನಮೂದಾಗಿರುತ್ತದೆ. 2012ರಲ್ಲಿ ಕೂತ ಕಂಪ್ಯೂಟರಿನ ಪಾಲಿಗೆ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ. ಹುಟ್ಟದ ಪತ್ರವನ್ನು ನಂಬುವುದು ಹೇಗೆ? ‘ನಿಮ್ಮ ಗಡಿಯಾರ ಹಿಂದಿದೆ’ ಎಂದು ಹೇಳಿ ಕ್ರೋಮ್ ಬಾಗಿಲು ಹಾಕಿಕೊಳ್ಳುತ್ತದೆ. ಇಂಟರ್ನೆಟ್ ಇದೆ, ದುಡ್ಡು ಕಟ್ಟಿದೆ, ದೀಪ ಹಸಿರಾಗಿ ಮಿನುಗುತ್ತಿದೆ. ಒಂದು ಪುಟವೂ ತೆರೆಯುವುದಿಲ್ಲ.

ತಾರೀಕಿನ ಕ್ರಮದ ಗೋಳು ಇದಕ್ಕಿಂತ ಸೂಕ್ಷ್ಮ, ಹಾಗಾಗಿ ಹೆಚ್ಚು ಅಪಾಯದ್ದು. ನಮ್ಮಲ್ಲಿ ಒಂದು ತಲೆಮಾರಿನ ಮುಕ್ಕಾಲು ಪಾಲು ಜನ ಜೂನ್ ಒಂದರಂದು ಹುಟ್ಟಿದವರು. ತಾಯಂದಿರು ಹಾಗೆ ಹೆತ್ತದ್ದಲ್ಲ, ಶಾಲೆ ಶುರುವಾಗುವ ದಿನ ಹೆಸರು ಬರೆಸಲು ಬಂದ ಅಪ್ಪನಿಗೆ “ಹುಟ್ಟಿದ್ದು ಯಾವಾಗ?” ಎಂದು ಕೇಳಿ, “ಆ ದೊಡ್ಡ ಮಳೆ ಬಂದ ವರ್ಷ ಸಾರ್” ಎಂಬ ಉತ್ತರ ಪಡೆದ ಮೇಷ್ಟ್ರು ಸ್ವಂತ ಲೆಕ್ಕದಿಂದ ಬರೆದದ್ದು. ಈಗಿನ ಮಕ್ಕಳಿಗೆ ಜನನ ಪ್ರಮಾಣಪತ್ರ ಇದೆ, ಆದರೂ ಒಂದನೇ ತಾರೀಕಿನವರು, ಆರನೇ ತಾರೀಕಿನವರು ಇದ್ದೇ ಇರುತ್ತಾರೆ. ಅಮೆರಿಕದ ಕ್ರಮದಲ್ಲಿರುವ ಎಕ್ಸೆಲ್‌ಗೆ 01-06-2010 ಎಂದು ಹೊಡೆದರೆ ಅದು ಚಕಾರವೆತ್ತದೆ ಜನವರಿ ಆರು ಎಂದು ಬರೆದುಕೊಳ್ಳುತ್ತದೆ. 13-06-2010 ಹೊಡೆದರೆ ಹದಿಮೂರನೇ ತಿಂಗಳು ಸಿಗದೆ, ತಾರೀಕೇ ಅಲ್ಲವೆಂದು ಅದನ್ನು ಬರೀ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ಕಣ್ಣಿಟ್ಟು ನೋಡಿದರೆ ಗುರುತು ಸಿಗುತ್ತದೆ: ತಾರೀಕೆಂದು ಒಪ್ಪಿಕೊಂಡದ್ದು ಕೋಶದ ಬಲಕ್ಕೆ ಅಂಟಿರುತ್ತದೆ, ಒಪ್ಪದ್ದು ಎಡಕ್ಕೆ. ಇಡೀ ತರಗತಿಯ ಪಟ್ಟಿ ಹೀಗೆ ಎರಡು ದಂಡೆಗೆ ಒಡೆದು ನಿಂತಿರುತ್ತದೆ. ತಮಾಷೆಯೆಂದರೆ ಎಡಕ್ಕೆ ಅಂಟಿದ್ದೇ ಸರಿಯಾದದ್ದು, ಬಲಕ್ಕೆ ಹೋದದ್ದೇ ಕೆಟ್ಟದ್ದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹುಟ್ಟಿದ ದಿನವೇ ನಮ್ಮಲ್ಲಿ ನಿವೃತ್ತಿಯ ತನಕ ಬೆನ್ನು ಹತ್ತುವುದು. ಹಳೆಯ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದಕ್ಕೆ ಕ್ಷಮೆಯಿದೆ. ಸರಿಯಾದ ದಿನ ಗೊತ್ತಿದ್ದೂ ಯಂತ್ರದ ಸೆಟ್ಟಿಂಗಿನಿಂದ ಐದು ತಿಂಗಳು ಆಚೀಚೆ ಆಗುವುದಕ್ಕೆ ಏನು ಹೇಳುವುದು?

ಎಕ್ಸೆಲ್ಲಿನ ಈ ಚಾಳಿಗೆ ನಾವಷ್ಟೇ ಬಲಿಯಾದವರಲ್ಲ. ಮನುಷ್ಯರ ಕೆಲವು ಜೀನುಗಳಿಗೆ ಮಾರ್ಚ್1, ಸೆಪ್ಟ್1 ಎಂಬಂಥ ಹೆಸರುಗಳಿದ್ದವು. ವಿಜ್ಞಾನಿಗಳು ಅವನ್ನು ಎಕ್ಸೆಲ್‌ನಲ್ಲಿ ಬರೆದರೆ ತಾರೀಕಾಗಿ ಬದಲಾಗುತ್ತಿದ್ದವು. ಕೊನೆಗೆ 2020ರಲ್ಲಿ ಜೀನುಗಳಿಗೆ ಹೆಸರಿಡುವ ಸಮಿತಿ ಜೀನುಗಳ ಹೆಸರನ್ನೇ ಬದಲಾಯಿಸಿತು. ಅವರೇ ಸೋತ ಮೇಲೆ ನಮ್ಮ ಎಂಟನೇ ತರಗತಿ ಬಿ ವಿಭಾಗ ಯಾವ ಲೆಕ್ಕ.

ಆದ್ದರಿಂದ ಸ್ಕ್ರಿಪ್ಟು. ಆ ಪದ ಕೇಳಿ ಗಾಬರಿಯಾಗಬೇಕಿಲ್ಲ. ಮೌಸ್ ಹಿಡಿದು ಮಾಡುವ ಕೆಲಸಗಳನ್ನು ಒಂದರ ಕೆಳಗೊಂದು ಸಾಲಾಗಿ ನೋಟ್‌ಪ್ಯಾಡಿನಲ್ಲಿ ಬರೆದಿಡುವುದು, ಅಷ್ಟೆ. ಡಾಸ್ ಕಾಲದಿಂದ, ಅಂದರೆ 1981ರಿಂದ, ಮೈಕ್ರೋಸಾಫ್ಟಿನ ತಂತ್ರಾಂಶ ಓಡುವ ಮಿಷನ್‌ಗಳಲ್ಲಿ ಇದಕ್ಕೆ ಬ್ಯಾಚ್ ಫೈಲು ಎಂಬ ವ್ಯವಸ್ಥೆ ಇದೆ. 2006ರಲ್ಲಿ ಪವರ್‌ಶೆಲ್ ಬಂತು, ಹೆಚ್ಚು ಶಕ್ತಿಯುಳ್ಳದ್ದು. ಆದರೆ ಮನೆ, ಶಾಲೆಗಳ ವಿಂಡೋಸ್‌ನಲ್ಲಿ ಅದರ ಫೈಲು ಓಡಿಸಲು ಮೊದಲು ಅಪ್ಪಣೆ ಬದಲಿಸಬೇಕು. ನಮ್ಮಲ್ಲಿ ಆ ಅಪ್ಪಣೆಯೂ ಮರುದಿನ ಅಳಿಸಿಹೋಗುತ್ತದೆ. ಹಳೆಯ ಬ್ಯಾಚ್ ಫೈಲೇ ಸಾಕೆನಿಸಿತು. ಸಾಕಾಯಿತು ಕೂಡ.

ಸುಲಭದ ಸಾಲುಗಳಿಂದ ಶುರು ಮಾಡಿದೆ. ಟೈಮ್ ಝೋನಿಗೆ ಟಿಝಡ್‌ಯುಟಿಲ್, ಅದರ ಮುಂದೆ ಇಂಡಿಯಾ ಸ್ಟ್ಯಾಂಡರ್ಡ್ ಟೈಮ್ ಎಂದು ಬರೆದರೆ ಮುಗಿಯಿತು. ನಿದ್ದೆಗೆ ಪವರ್‌ಸಿಎಫ್‌ಜಿ, ಎಷ್ಟು ನಿಮಿಷಕ್ಕೆ ಮಲಗಬೇಕೆಂಬಲ್ಲಿ ಸೊನ್ನೆ ಬರೆದರೆ ಮಲಗುವುದೇ ಇಲ್ಲ. ತಾರೀಕಿನ ಕ್ರಮ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿರುತ್ತದೆ, ಇಂಟರ್‌ನ್ಯಾಷನಲ್ ಎಂಬ ಕವಾಟಿನಲ್ಲಿ, ಎಸ್‌ಶಾರ್ಟ್‌ಡೇಟ್ ಎಂಬ ಹೆಸರಲ್ಲಿ. ಅಲ್ಲಿ ಎರಡು ಡಿ, ಎರಡು ಎಂ, ನಾಲ್ಕು ವೈ ಬರೆಯಬೇಕು. ಎಂ ಮಾತ್ರ ಇಂಗ್ಲಿಷಿನ ದೊಡ್ಡಕ್ಷರವೇ ಆಗಬೇಕು. ದೊಡ್ಡದು ತಿಂಗಳಿಗೆ, ಸಣ್ಣದು ನಿಮಿಷಕ್ಕೆ. ದೊಡ್ಡಕ್ಷರ ಸಣ್ಣಕ್ಷರದ ರಗಳೆಯೇ ಇಲ್ಲದ ಲಿಪಿಯಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಒಪ್ಪಿಸುವುದು ಸ್ವಲ್ಪ ಕಷ್ಟವೇ. “ಎರಡೂ ಎಮ್ಮೇ ಅಲ್ವಾ ಸರ್?” ಎಂದು ಒಬ್ಬಳು ವಾದಕ್ಕೆ ನಿಂತಳು. ಅವಳ ಕಡೆಯೇ ನ್ಯಾಯ ಹೆಚ್ಚಿತ್ತು.

ಗಡಿಯಾರದ್ದು ಮಾತ್ರ ಗುದ್ದಾಟ. ಇಂಟರ್ನೆಟ್ಟಿನಿಂದ ಸಮಯ ಕೇಳಿ ತಿದ್ದಿಕೊಳ್ಳುವ ವ್ಯವಸ್ಥೆ ವಿಂಡೋಸ್‌ನಲ್ಲೇ ಇದೆ. ಬ್ರೌಸರು ತಕರಾರು ತೆಗೆಯುವ ಪ್ರಮಾಣಪತ್ರದ ಗೊಡವೆ ಇದಕ್ಕಿಲ್ಲ, ಸಮಯದ ಪ್ರಶ್ನೆ ಬೇರೆಯದೇ ದಾರಿಯಲ್ಲಿ ಹೋಗುತ್ತದೆ. ಮೊದಲು ‘ಈ ಸೇವೆ ಶುರುವೇ ಆಗಿಲ್ಲ’ ಎಂದಿತು. ಮನೆ, ಶಾಲೆಯ ಕಂಪ್ಯೂಟರ್‌ಗಳಲ್ಲಿ ಅದು ಬಹುಪಾಲು ಮಲಗಿಯೇ ಇರುತ್ತದೆ, ಎಬ್ಬಿಸುವ ಸಾಲು ಬರೆದೆ. ಎದ್ದ ಮೇಲೆ ‘ಬೇಕಾದ ತಿದ್ದುಪಡಿ ತೀರಾ ದೊಡ್ಡದಾಯಿತು, ಮಾಡಲಾರೆ’ ಎಂದಿತು. ಇದು ಹಟವಲ್ಲ, ಎಚ್ಚರಿಕೆ. ಸಮಯ ಹೇಳುವ ಸರ್ವರೇ ಕೆಟ್ಟಿದ್ದರೆ ಕಣ್ಣು ಮುಚ್ಚಿ ನಂಬಬಾರದೆಂದು 54,000 ಸೆಕೆಂಡಿನ, ಎಂದರೆ 15 ಗಂಟೆಯ ಗಡಿ ಹಾಕಿದ್ದಾರೆ. ನಮ್ಮದೋ ಹತ್ತಕ್ಕೂ ಹೆಚ್ಚು ವರ್ಷಗಳ ಅಂತರ! ಆ ಗಡಿಯೂ ರಿಜಿಸ್ಟ್ರಿಯಲ್ಲೇ ಇದೆ, ಮ್ಯಾಕ್ಸ್‌ಪಾಸ್‌ಫೇಸ್‌ಕರೆಕ್ಷನ್ ಎಂಬ ಬಾಯಿ ತುಂಬುವ ಹೆಸರಿನಲ್ಲಿ. ಅದನ್ನು ಸಡಿಲಿಸಿ, ಆಮೇಲೆ ಸೇವೆಯನ್ನು ಎಬ್ಬಿಸಿ, ಆಮೇಲೆ ಸಮಯ ಕೇಳಬೇಕು. ಈ ಕ್ರಮ ತಪ್ಪುವಂತಿಲ್ಲ. ಸಮಯವನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸರ್ವರಿನಿಂದಲೇ ಕೇಳುವಂತೆ ಬರೆದೆ. ಭಾರತದ ಅಧಿಕೃತ ಸಮಯವನ್ನು ಪರಮಾಣು ಗಡಿಯಾರಗಳಿಂದ ಕಾಯುವವರು ಅವರೇ. ಬಲಗಡೆ ಕೆಳಮೂಲೆಯಲ್ಲಿ 2012 ಇದ್ದದ್ದು ಹಾರಿ ಇವತ್ತಿನ ತಾರೀಕು ಬಂದಾಗ ಹಿಂದೆ ನಿಂತಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಪಾಠಕ್ಕೆ ಹಾಗೆ ಎಂದೂ ತಟ್ಟಿದವರಲ್ಲ.

ಮರುದಿನದಿಂದ ಫೈಲು ಡಿ ಡ್ರೈವಿನಲ್ಲಿ. ಮಕ್ಕಳೇ ಬಂದು ಎಫ್1 ಒತ್ತಿ, ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ‘ಯೆಸ್’ ಎಂದರೆ ಮುಗಿಯಿತು. ಹಾಜರಿ ಕೂಗುವಷ್ಟರಲ್ಲಿ ಕೋಣೆ ಸಿದ್ಧ. ಮೂಲೆಯ ಮಿಷನ್ನಿಗೂ ಮೊದಲನೆಯದಕ್ಕೂ ವ್ಯತ್ಯಾಸವಿಲ್ಲ.

ಕೆಲಸವನ್ನು ಯಂತ್ರಕ್ಕೇ ಕಟ್ಟಿಬಿಡುವ ಈ ಬುದ್ಧಿ ಹೊಸದಲ್ಲ. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ ‘ವೆಲ್ತ್ ಆಫ್ ನೇಷನ್ಸ್’ನ ಮೊದಲ ಅಧ್ಯಾಯದಲ್ಲೇ ಒಬ್ಬ ಹುಡುಗ ಬರುತ್ತಾನೆ. ಹಳೆಯ ಉಗಿಯಂತ್ರದಲ್ಲಿ ಪಿಸ್ಟನ್ ಮೇಲೆ ಕೆಳಗೆ ಹೋದಂತೆಲ್ಲ ಕವಾಟ ತೆರೆದು ಮುಚ್ಚುವುದು ಅವನ ಕೆಲಸ. ಆಡಲು ಗೆಳೆಯರು ಕಾಯುತ್ತಿದ್ದಾರೆ. ಕವಾಟದ ಹಿಡಿಗೆ ಒಂದು ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಯಂತ್ರದ ಆಡುವ ಭಾಗಕ್ಕೇ ಕಟ್ಟಿದ. ಕವಾಟ ತಾನಾಗಿ ತೆರೆಯಿತು, ತಾನಾಗಿ ಮುಚ್ಚಿತು, ಹುಡುಗ ಆಟಕ್ಕೆ ಹೋದ. ಕಥೆ ನಿಜವೋ ಕಟ್ಟಿದ್ದೋ ಎಂದು ಪಂಡಿತರು ಸಂಶಯಪಡುತ್ತಾರೆ. ನನಗೆ ಸಂಶಯವಿಲ್ಲ. ದಿನಾ ಮಕ್ಕಳ ನಡುವೆ ಇರುವವನು ನಾನು. ಆಟದ ಪೀರಿಯಡ್ಡಿಗಾಗಿ ಅವರು ಉಗಿಯಂತ್ರವನ್ನಷ್ಟೇ ಅಲ್ಲ, ಹೆಡ್‌ಮಾಸ್ಟರನ್ನೂ ಹಗ್ಗ ಕಟ್ಟಿ ನಡೆಸಬಲ್ಲರು.

ಮಕ್ಕಳಿಗೂ ಬರೆಯುವ ಹುಚ್ಚು ಹತ್ತಿತು. ಬ್ಯಾಚ್ ಫೈಲಿನ ಮೊದಲ ಎಡವುಗಲ್ಲು ಎಲ್ಲರಿಗೂ ಒಂದೇ: ನೋಟ್‌ಪ್ಯಾಡಿನಲ್ಲಿ ಬರೆದು ಡಾಟ್ ಬ್ಯಾಟ್ ಎಂದು ಹೆಸರಿಟ್ಟು ಉಳಿಸಿದರೆ ವಿಂಡೋಸ್ ಅದರ ಬಾಲಕ್ಕೆ ಇನ್ನೊಂದು ಡಾಟ್ ಟೆಕ್ಸ್ಟ್ ಅಂಟಿಸಿ, ಅಂಟಿಸಿದ ಬಾಲವನ್ನು ಅಡಗಿಸಿಯೂ ಇಡುತ್ತದೆ. ಎಷ್ಟು ಸಲ ಕ್ಲಿಕ್ ಮಾಡಿದರೂ ನೋಟ್‌ಪ್ಯಾಡೇ ತೆರೆಯುತ್ತದೆ. ಬಾಲ ತೋರಿಸುವ ಸೆಟ್ಟಿಂಗ್ ಹಾಕಿಕೊಟ್ಟೆ. ಮರುದಿನ ಅದೂ ಅಳಿಸಿಹೋಯಿತು. ಆ ಸೆಟ್ಟಿಂಗಿಗೂ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿತು.

ಸಮಯ ಉಳಿಯಿತು, ನಿಜ. ಆದರೆ ನನಗೆ ಈ ಫೈಲಿನ ಬೆಲೆ ತಿಳಿದದ್ದು ವರ್ಗಾವಣೆಯ ಬಗ್ಗೆ ಯೋಚಿಸಿದಾಗ. ಸರ್ಕಾರಿ ಮೇಷ್ಟ್ರುಗಳಿಗೆ ಚಾರ್ಜ್ ಲಿಸ್ಟ್ ಎಂದರೆ ಗೊತ್ತು. ಕೋಣೆಯ ಚಾರ್ಜನ್ನು ಇನ್ನೊಬ್ಬರಿಗೆ ವಹಿಸುವಾಗ ಕುರ್ಚಿ ಇಷ್ಟು, ಮೇಜು ಇಷ್ಟು, ಮೌಸ್ ಇಷ್ಟು, ಅದರಲ್ಲಿ ಕೆಟ್ಟದ್ದು ಇಷ್ಟು ಎಂದು ಬರೆದು ಸಹಿ ಹಾಕಬೇಕು. ಆದರೆ ನನ್ನ ಹಿಂದಿನ ಮೇಷ್ಟ್ರು ಈ ಕೋಣೆಯನ್ನು ಹೇಗೆ ನಡೆಸುತ್ತಿದ್ದರು, ಯಾವ ಪ್ರಿಂಟರಿಗೆ ಯಾವ ಗುಟ್ಟು, ಯಾವ ಮಿಷನ್ನಿಗೆ ಯಾವ ಖಾಯಿಲೆ, ಅದೊಂದೂ ಆ ಪಟ್ಟಿಯಲ್ಲಿ ಇರಲಿಲ್ಲ. ಅವರ ಕೈಯಲ್ಲಿತ್ತು, ಕೈಯೊಂದಿಗೆ ಬೇರೆ ತಾಲೂಕಿಗೆ ಹೋಯಿತು. ನಮ್ಮ ಆಫೀಸುಗಳೆಲ್ಲ ನಡೆಯುವುದು ಹೀಗೆಯೇ. “ಅದು ಅವರಿಗೇ ಗೊತ್ತು, ಅವರು ರಜೆ” ಎಂಬ ಮಾತಿಗೆ ತಲೆದೂಗಿ ವಾಪಸ್ಸು ಬರದವರು ಯಾರಿದ್ದಾರೆ?

ಹಾಗಾಗಿ ಈಗ ನಮ್ಮ ಸ್ಕ್ರಿಪ್ಟಿನಲ್ಲಿ ಕೆಲಸದ ಸಾಲುಗಳಿಗಿಂತ ರೆಮ್ ಸಾಲುಗಳೇ ಹೆಚ್ಚು. ರೆಮ್ ಎಂದು ಶುರುವಾದ ಸಾಲನ್ನು ಕಂಪ್ಯೂಟರ್ ಓದಿಯೂ ಓದದಂತೆ ದಾಟಿ ಹೋಗುತ್ತದೆ, ಅದು ಮನುಷ್ಯರಿಗಾಗಿ. ಪ್ರತಿ ಆಜ್ಞೆಯ ಮೇಲೂ ಅದು ಏಕೆ ಇದೆ, ತೆಗೆದರೆ ಏನಾಗುತ್ತದೆ ಎಂದು ಕನ್ನಡದಲ್ಲಿ ಬರೆದಿಟ್ಟೆವು. ‘ಮೂರನೇ ಸಾಲನ್ನು ನಾಲ್ಕರ ಕೆಳಗೆ ತರಬೇಡಿ, ಗಡಿಯಾರ ತಿದ್ದುವುದಿಲ್ಲ’ ಎಂದು ಎಂಟನೇ ತರಗತಿಯವಳೊಬ್ಬಳ ಬರಹ. ಇದಕ್ಕೂ ಒಂದು ತೊಡಕು ಬಂತು. ಕನ್ನಡ ಬರೆಯಲು ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಬೇಕಲ್ಲ, ಹಳೆಯ ನೋಟ್‌ಪ್ಯಾಡ್ ಹಾಗೆ ಉಳಿಸುವಾಗ ಫೈಲಿನ ತಲೆಗೆ ಕಣ್ಣಿಗೆ ಕಾಣದ ಮೂರು ಬೈಟುಗಳನ್ನು ಸೇರಿಸುತ್ತಿತ್ತು. ಅದರಿಂದ ಮೊದಲ ಸಾಲೇ ಅರ್ಥವಾಗದೆ ಬ್ಯಾಚ್ ಫೈಲು ಮುಗ್ಗರಿಸುತ್ತಿತ್ತು. ವಿಂಡೋಸ್ 10ರ 2019ರ ಅಪ್‌ಡೇಟಿನಿಂದ ನೋಟ್‌ಪ್ಯಾಡ್ ಆ ಚಾಳಿ ಬಿಟ್ಟಿದೆ. ಓಡುವಾಗ ಕಪ್ಪು ಪರದೆಯಲ್ಲಿ ಕನ್ನಡ ಸರಿಯಾಗಿ ಮೂಡುವುದಿಲ್ಲ, ಮೂಡಬೇಕಾದದ್ದೂ ಇಲ್ಲ. ತೆರೆದು ಓದುವವರಿಗೆ ಕಂಡರೆ ಸಾಕು.

ಇದನ್ನೇ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಬಾರದಿತ್ತೇ ಎಂದರೆ, ಹಿಂದಿನವರು ಅಂಟಿಸಿದ್ದರು. ‘ಸ್ಟಾರ್ಟ್ ಒತ್ತಿ, ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಎಡಗಡೆ ಮೂರನೆಯದು’ ಎಂಬ ಹಾಳೆ ಹಳದಿಯಾಗಿ ಇನ್ನೂ ಅಲ್ಲೇ ಇದೆ. ಆದರೆ 2012ರ ವಿಂಡೋಸ್ 8ರಿಂದ ಮೈಕ್ರೋಸಾಫ್ಟಿನವರು ಕಂಟ್ರೋಲ್ ಪ್ಯಾನೆಲ್ಲಿನ ಸಾಮಾನುಗಳನ್ನು ಒಂದೊಂದಾಗಿ ಸೆಟ್ಟಿಂಗ್ಸ್ ಎಂಬ ಹೊಸ ಮನೆಗೆ ಸಾಗಿಸುತ್ತಿದ್ದಾರೆ, ಸಾಗಣೆ ಇನ್ನೂ ಮುಗಿದಿಲ್ಲ. ಎಡಗಡೆ ಮೂರನೆಯದು ಈಗ ಬಲಗಡೆ ಆರನೆಯದು, ಮುಂದಿನ ಅಪ್‌ಡೇಟಿಗೆ ಎಲ್ಲಿಗೋ. ಅಡಿಯಲ್ಲಿರುವ ಆಜ್ಞೆಗಳು ಮಾತ್ರ ಅಷ್ಟು ಬೇಗ ಅಲುಗಾಡುವುದಿಲ್ಲ. ಚಿರಂಜೀವಿಗಳೆಂದೇನೂ ಅಲ್ಲ, ಡಬ್ಲ್ಯುಎಂಐಸಿ ಎಂಬ ಹಳೆಯ ಆಳನ್ನು ಮನೆಗೆ ಕಳಿಸುತ್ತಿದ್ದಾರೆ. ಆದರೂ ಗುಂಡಿಗಳಿಗಿಂತ ಅವಕ್ಕೆ ಆಯುಷ್ಯ ಹೆಚ್ಚು.

ಇಷ್ಟೆಲ್ಲ ಹೊಗಳಿದ ಮೇಲೆ ಹೇಳಬೇಕಾದ್ದು ಒಂದಿದೆ. ಎಫ್1ನ್ನು ಸ್ಕ್ರಿಪ್ಟು ಒತ್ತಲಾರದು. ಅದನ್ನು ಒತ್ತಬೇಕಾದ ಹೊತ್ತಿಗೆ ವಿಂಡೋಸ್ ಇನ್ನೂ ಎದ್ದಿರುವುದೇ ಇಲ್ಲ. ಪ್ರತಿ ಬೆಳಿಗ್ಗೆ ಆ ಕಪ್ಪು ಪರದೆ ಬ್ಯಾಟರಿ ಸತ್ತಿದೆ ಎಂದು ಸಾರಿ ಹೇಳುತ್ತಲೇ ಇತ್ತು. ನಮ್ಮ ಚೆಂದದ ಸ್ಕ್ರಿಪ್ಟಿನ ಅರ್ಧ ಭಾಗ ಸೋರುವ ಮಾಡಿನ ಕೆಳಗೆ ಇಟ್ಟ ಬಾಲ್ದಿ. ಬಾಲ್ದಿ ದಿನಾ ತುಂಬುತ್ತದೆ, ದಿನಾ ಚೆಲ್ಲುತ್ತೇವೆ, ಹೆಂಚು ಬದಲಿಸುವ ಯೋಚನೆ ನಿಧಾನವಾಗಿ ಹಿಂದೆ ಸರಿಯುತ್ತದೆ. ಕೆಲಸ ಸಲೀಸಾದಷ್ಟೂ ಅದು ಏಕೆ ಬೇಕಾಯಿತೆಂದು ಯಾರೂ ಕೇಳುವುದಿಲ್ಲ. ಆಫೀಸುಗಳಲ್ಲಿ ಇಂಥ ಸ್ಕ್ರಿಪ್ಟುಗಳು ಎಷ್ಟೋ ಇವೆ. ಎರಡು ತಂತ್ರಾಂಶಗಳು ಒಂದಕ್ಕೊಂದು ಮಾತಾಡದೆ ಮುನಿಸಿಕೊಂಡಿರುವುದನ್ನು ವರ್ಷಗಟ್ಟಲೆ ಮುಚ್ಚಿಟ್ಟು ಸಂಸಾರ ನಡೆಸುವಂಥವು.

ನಿರ್ವಹಣೆಯ ಕರಾರು ಮುಗಿದ ವಾರವೇ ಅಟೆಂಡರ್ ಪೇಟೆಯ ವಾಚ್ ರಿಪೇರಿ ಅಂಗಡಿಯಿಂದ ಸಿಆರ್2032 ಬ್ಯಾಟರಿಗಳ ಒಂದು ಕಟ್ಟು ಹಿಡಿದು ಬಂದರು. ಸೀಲ್ ಒಡೆದೆವು. ಹಳೆಯ ಬ್ಯಾಟರಿ ತೆಗೆಯಲು ಉಗುರಿನಿಂದ ಒಂದು ಪುಟ್ಟ ಕೊಂಡಿಯನ್ನು ಹಿಂದಕ್ಕೆ ತಳ್ಳಿದರಾಯಿತು, ತಾನೇ ಎಗರಿ ಬರುತ್ತದೆ. ಪ್ಲಸ್ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಿದೆವು. ಎಲ್ಲ ಸೇರಿ ತಗುಲಿದ ಖರ್ಚು ಒಂದು ಕೀಬೋರ್ಡಿನ ಬೆಲೆ ದಾಟಲಿಲ್ಲ. ಈಗ ಸ್ವಿಚ್ ಇಳಿಸಿದರೂ ಗಡಿಯಾರ ನಡೆಯುತ್ತದೆ. ಸ್ಕ್ರಿಪ್ಟಿನ ಗಡಿಯಾರದ ಸಾಲುಗಳನ್ನು ಅಳಿಸಲಿಲ್ಲ, ಮುಂದೆ ರೆಮ್ ಹಾಕಿ ಸುಮ್ಮನಾಗಿಸಿದೆವು. ಟೈಮ್ ಝೋನ್, ತಾರೀಕಿನ ಕ್ರಮ, ನಿದ್ದೆ ಇವಕ್ಕೆ ಮಾತ್ರ ಫೈಲು ದಿನಾ ಓಡುತ್ತದೆ. ಕಾವಲಿನ ಪಾಸ್‌ವರ್ಡ್ ಇನ್ನೂ ಸಿಕ್ಕಿಲ್ಲ.

ನಿಮ್ಮ ಶಾಲೆಯಲ್ಲೋ ಆಫೀಸಿನಲ್ಲೋ ದಿನಾ ಒಂದೇ ಸೆಟ್ಟಿಂಗ್ ತಿದ್ದುತ್ತಿದ್ದರೆ ಮೊದಲು ಅದು ಏಕೆ ಅಳಿಸಿಹೋಗುತ್ತಿದೆ ನೋಡಿ. ಬ್ಯಾಟರಿಯಿಂದ ಸರಿಹೋಗುವುದಾದರೆ ಬ್ಯಾಟರಿ ಹಾಕಿಸಿ. ಸರಿಹೋಗದ್ದಕ್ಕೆ ಸ್ಕ್ರಿಪ್ಟು ಬರೆಯಿರಿ, ಏಕೆಂದು ಕನ್ನಡದಲ್ಲೇ ಬರೆದಿಡಿ. ನಮ್ಮ ಫೈಲು ಬೇಕಾದವರು ಬಂದು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಬಹುದು. ಆದರೆ ನೋಟ್‌ಪ್ಯಾಡಿನಲ್ಲಿ ತೆರೆದು ಒಂದೊಂದು ಸಾಲನ್ನೂ ಓದುವ ಮುಂಚೆ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಬೇಡಿ. ಮೇಷ್ಟ್ರು ಕೊಟ್ಟದ್ದು ಎಂಬ ವಿನಾಯಿತಿ ಬೇಡ.